ಶಾಲೆಯ ಚುನಾವಣೆಯಲ್ಲಿ ಯಾರನ್ನು ಹೇಗೆ ತೂಗಬೇಕು?

(ದತ್ತಿ ಉಪನ್ಯಾಸದ ಲಿಖಿತ ರೂಪ)



ಪಠ್ಯಪುಸ್ತಕ, ಪರೀಕ್ಷೆ, ಶಿಕ್ಷಣ ಮಾಧ್ಯಮ ಇವುಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ, ನಡೆಯಲೂ ಬೇಕು. ನಾನು ಇವತ್ತು ಎತ್ತಿಕೊಂಡಿರುವುದು ಅಷ್ಟಾಗಿ ಯಾರೂ ಕೈಹಾಕದ ಪ್ರಶ್ನೆ. ಶಾಲೆಯ ಆಡಳಿತಕ್ಕೆ ಜನರೇ ತಮ್ಮ ಪ್ರತಿನಿಧಿಗಳನ್ನು ಆರಿಸುವ ಕಡೆ, ಒಬ್ಬ ಅಭ್ಯರ್ಥಿಯನ್ನು ಇನ್ನೊಬ್ಬರೊಡನೆ ಇಟ್ಟು ನೋಡುವುದಕ್ಕೆ ಯಾವ ಅಳತೆ ಬಳಸಬೇಕು? ಪಂಚಾಯಿತಿಗೋ ವಿಧಾನಸಭೆಗೋ ಮತ ಹಾಕುವಾಗ ಪಕ್ಷ, ಜಾತಿ, ಕೇರಿ, ಹಣ ಎಲ್ಲವೂ ತಕ್ಕಡಿಗೆ ಬಂದು ಬೀಳುತ್ತವೆ. ಶಾಲೆಗೂ ಅವೇ ಸಾಕೇ? ಸಾಲವು ಎನ್ನುವುದು ನನ್ನ ನಿಲುವು. ಅದಕ್ಕೆ ಆಧಾರ ಕೊಡಲು ನಿಮ್ಮನ್ನು ಸ್ವಲ್ಪ ದೂರ, 1870ರ ಇಂಗ್ಲೆಂಡಿಗೆ ಕರೆದೊಯ್ಯುತ್ತೇನೆ. ಮುಂಬಯಿ ಕರ್ನಾಟಕದ ಹಿರಿಯರಿಗೆ ‘ಸ್ಕೂಲ್ ಬೋರ್ಡು’ ಎಂಬ ಮಾತು ಹೊಸದಲ್ಲ. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆಯ ಕಾಲದಿಂದ ಆ ಹೆಸರು ಧಾರವಾಡ, ಬೆಳಗಾವಿಯ ಕಡೆ ಬಳಕೆಯಲ್ಲಿತ್ತು. ಆದರೆ ಊರ ತೆರಿಗೆದಾರರು ನೇರವಾಗಿ ಮತ ಹಾಕಿ ಶಾಲೆಗಳಿಗೆಂದೇ ಒಂದು ಮಂಡಳಿಯನ್ನು ಆರಿಸುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಇಂಗ್ಲೆಂಡಿನಲ್ಲಿ.

1870ಕ್ಕೆ ಮುಂಚೆ ಅಲ್ಲಿ ಬಡವರ ಮಕ್ಕಳ ಓದು ಬಹುಮಟ್ಟಿಗೆ ಚರ್ಚುಗಳ ಕೈಯಲ್ಲಿತ್ತು. ಸರ್ಕಾರ ಅನುದಾನ ಕೊಡುತ್ತಿತ್ತು, ಶಾಲೆ ಕಟ್ಟುತ್ತಿರಲಿಲ್ಲ. ಕಾರ್ಖಾನೆಯ ಊರುಗಳು ಬೆಳೆದ ವೇಗಕ್ಕೆ ಚರ್ಚಿನ ಶಾಲೆಗಳು ಸಾಲಲಿಲ್ಲ. ಆಗ ಡಬ್ಲ್ಯು. ಇ. ಫಾರ್ಸ್ಟರ್ ಮಂಡಿಸಿದ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು. ಎಲ್ಲಿ ಶಾಲೆಗಳ ಕೊರತೆ ಇದೆಯೋ ಅಲ್ಲಿ ಐದರಿಂದ ಹದಿನೈದು ಜನರ ಸ್ಕೂಲ್ ಬೋರ್ಡು. ಮೂರು ವರ್ಷಕ್ಕೊಮ್ಮೆ ಚುನಾವಣೆ. ಬೋರ್ಡಿಗೆ ಸ್ಥಳೀಯ ತೆರಿಗೆಯಿಂದ ಹಣ ಪಡೆದು ಶಾಲೆ ಕಟ್ಟುವ ಅಧಿಕಾರ. ಮಕ್ಕಳು ಕಡ್ಡಾಯವಾಗಿ ಬರಬೇಕೆಂದು ನಿಯಮ ಮಾಡುವ ಅಧಿಕಾರವೂ ಇತ್ತು, ಮಾಡಲೇಬೇಕೆಂಬ ಒತ್ತಾಯ ಇರಲಿಲ್ಲ. ಹಾಗಾಗಿ ಒಂದು ಊರಿನ ಮಗು ಶಾಲೆ ಕಾಣುವುದೋ ಇಲ್ಲವೋ ಎಂಬುದು ಆ ಊರಿನವರು ಎಂಥವರನ್ನು ಆರಿಸಿದರು ಎಂಬುದರ ಮೇಲೆ ನಿಂತಿತು. ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕಿಲ್ಲದ ಹೆಣ್ಣುಮಕ್ಕಳಿಗೆ, ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲಿ ಮತವಿತ್ತು. ಅಭ್ಯರ್ಥಿಯಾಗಿ ನಿಲ್ಲುವುದಕ್ಕಂತೂ ಹೆಣ್ಣು ಗಂಡು ಎಂಬ ಭೇದವೇ ಇರಲಿಲ್ಲ.

ಮತ ಹಾಕುವ ಕ್ರಮ ವಿಶೇಷವಾದದ್ದು. ಏಳು ಸ್ಥಾನಗಳಿದ್ದರೆ ಪ್ರತಿಯೊಬ್ಬ ಮತದಾರನಿಗೆ ಏಳು ಮತ. ಏಳನ್ನೂ ಏಳು ಜನರಿಗೆ ಹಂಚಬಹುದು, ಇಬ್ಬರಿಗೆ ಪಾಲು ಮಾಡಬಹುದು, ಮನಸ್ಸು ಬಂದರೆ ಏಳನ್ನೂ ಒಬ್ಬರಿಗೇ ಸುರಿಯಬಹುದು. ಸಣ್ಣ ಪಂಗಡಗಳಿಗೂ ಬೋರ್ಡಿನಲ್ಲಿ ಜಾಗ ಸಿಗಲಿ ಎಂಬುದು ಉದ್ದೇಶ, ಒಳ್ಳೆಯ ಉದ್ದೇಶವೇ. ಆದರೆ ಇದರಿಂದ ಹೋಲಿಕೆಯ ರೀತಿಯೇ ಬದಲಾಯಿತು. ಹತ್ತು ಅಭ್ಯರ್ಥಿಗಳನ್ನೂ ನೋಡಿ ಯಾರು ಮೇಲು ಎಂದು ಯೋಚಿಸಬೇಕಾದ ಮತದಾರ, ನಮ್ಮವರೊಬ್ಬರು ಗೆದ್ದರೆ ಸಾಕು ಎಂದು ಎಲ್ಲ ಮತವನ್ನೂ ಅಲ್ಲೇ ಗುಡ್ಡೆ ಹಾಕುವುದು ಸುಲಭವಾಯಿತು.

ಬರ್ಮಿಂಗ್‌ಹ್ಯಾಮಿನಲ್ಲಿ ಏನಾಯಿತು ನೋಡಿ. ಅಲ್ಲಿ 15 ಸ್ಥಾನ. ಧರ್ಮದ ಹಂಗಿಲ್ಲದ, ಶುಲ್ಕವಿಲ್ಲದ ಶಿಕ್ಷಣಕ್ಕಾಗಿ ಹೋರಾಡುತ್ತಿದ್ದ ಲಿಬರಲರು, ಮುಂದೆ ದೊಡ್ಡ ರಾಜಕಾರಣಿಯಾದ ಜೋಸೆಫ್ ಚೇಂಬರ್ಲೇನ್ ಸೇರಿ, ಹದಿನೈದಕ್ಕೆ ಹದಿನೈದು ಜನರನ್ನೂ ನಿಲ್ಲಿಸಿದರು. ಚರ್ಚಿನ ಪಕ್ಷ ಎಂಟೇ ಜನರನ್ನು ನಿಲ್ಲಿಸಿ, ತನ್ನವರ ಮತಗಳನ್ನು ಆ ಎಂಟರಲ್ಲೇ ಹಿಡಿದಿಟ್ಟಿತು. ಎಂಟಕ್ಕೆ ಎಂಟೂ ಗೆದ್ದರು. ಲಿಬರಲರಿಗೆ ದಕ್ಕಿದ್ದು ಆರು. ಉಳಿದ ಒಂದು ಕ್ಯಾಥೊಲಿಕ್ ಅಭ್ಯರ್ಥಿಗೆ ಹೋಯಿತು. ಮೂರು ವರ್ಷದ ನಂತರ ಲಿಬರಲರು ಪಾಠ ಕಲಿತರು. ಯಾವ ವಾರ್ಡಿನವರು ಯಾರಿಗೆ ಎಷ್ಟು ಮತ ಹಾಕಬೇಕೆಂದು ಮೊದಲೇ ಲೆಕ್ಕ ಹಾಕಿ ಹಂಚಿದರು, 1873ರಲ್ಲಿ ಬಹುಮತ ಪಡೆದರು. ಗೆಲುವೇನೋ ಬಂತು. ಆದರೆ ಎರಡು ಸಲವೂ ಜನರ ಮುಂದಿದ್ದ ಪ್ರಶ್ನೆ ಒಂದೇ: ಯಾವ ಪಂಗಡ? ಈ ಹದಿನೈದು ಜನರಲ್ಲಿ ಶಾಲೆಯ ಲೆಕ್ಕ ಓದಬಲ್ಲವರಾರು, ಗುರುಗಳ ಮಾತು ಕೇಳುವವರಾರು ಎಂಬ ಪ್ರಶ್ನೆ ಪಂಗಡದ ಲೆಕ್ಕದಡಿ ಸಿಕ್ಕಿಕೊಂಡಿತು.

1870ರ ನವೆಂಬರಿನಲ್ಲಿ ಲಂಡನ್ನಿನಲ್ಲೂ ಚುನಾವಣೆ ನಡೆಯಿತು. 49 ಸದಸ್ಯರ ದೊಡ್ಡ ಬೋರ್ಡು. ಅದರ ಮೊದಲ ಅಧ್ಯಕ್ಷರಾದವರು ಲಾರ್ಡ್ ಲಾರೆನ್ಸ್, 1864ರಿಂದ 1869ರವರೆಗೆ ನಮ್ಮ ದೇಶದ ವೈಸರಾಯ್ ಆಗಿದ್ದವರು. ಒಂದು ಉಪಖಂಡವನ್ನು ಆಳಿ ಹೋದವರು ಮುಂದಿನ ವರ್ಷವೇ ಪ್ರಾಥಮಿಕ ಶಾಲೆಯ ಬೆಂಚು, ಕಕ್ಕಸು, ಹಾಜರಿ ಪುಸ್ತಕದ ಚರ್ಚೆಗೆ ಕೂತರು. ಶಾಲೆಯ ಕೆಲಸ ಸಣ್ಣವರ ಕೆಲಸ ಎಂದುಕೊಂಡವರಿಗೆ ಇದನ್ನು ನೆನಪಿಸಬೇಕು.

ಲಂಡನ್ನಿನ ಕ್ಷೇತ್ರಗಳಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಮ್ಯಾರಿಲಬೋನಿನಲ್ಲಿ. ಏಳು ಸ್ಥಾನ. ಅಭ್ಯರ್ಥಿಗಳಲ್ಲಿ ಇಬ್ಬರು ಅಸಾಮಾನ್ಯರು. ಒಬ್ಬರು ಥಾಮಸ್ ಹಕ್ಸ್‌ಲಿ, ಡಾರ್ವಿನ್ನನ ಸಿದ್ಧಾಂತವನ್ನು ಸಾರ್ವಜನಿಕವಾಗಿ ಎತ್ತಿಹಿಡಿದ ವಿಜ್ಞಾನಿ, ಆಗಲೇ ದೇಶದಾದ್ಯಂತ ಹೆಸರು. ಇನ್ನೊಬ್ಬರು ಎಲಿಜಬೆತ್ ಗ್ಯಾರೆಟ್, ವಯಸ್ಸು 34. ಯಾವ ವೈದ್ಯಕೀಯ ಕಾಲೇಜೂ ಸೇರಿಸಿಕೊಳ್ಳದಿದ್ದಾಗ ಖಾಸಗಿಯಾಗಿ ಓದಿ 1865ರಲ್ಲಿ ವೈದ್ಯವೃತ್ತಿಯ ಪರವಾನಗಿ ಪಡೆದವರು. ಮರುವರ್ಷ ಅದೇ ಮ್ಯಾರಿಲಬೋನಿನಲ್ಲಿ ಬಡ ಹೆಂಗಸರಿಗೂ ಮಕ್ಕಳಿಗೂ ಒಂದು ಔಷಧಾಲಯ ತೆರೆದವರು. ಚುನಾವಣೆಗೆ ನಿಲ್ಲಬೇಕೆಂದು ಆಕೆಯನ್ನು ಕೇಳಿಕೊಂಡವರು ಆ ಭಾಗದ ಕೂಲಿ ಕೆಲಸಗಾರರ ಸಂಘದವರು. ಅವರಲ್ಲಿ ಅನೇಕರ ಹೆಂಡಂದಿರು ಆಕೆಯಲ್ಲಿ ಔಷಧ ತೆಗೆದುಕೊಂಡವರು.

ಫಲಿತಾಂಶ: ಗ್ಯಾರೆಟ್‌ಗೆ 47,858 ಮತ, ಎರಡನೆಯ ಸ್ಥಾನದ ಹಕ್ಸ್‌ಲಿಗೆ 13,494. ಒಬ್ಬ ಮತದಾರ ಏಳನ್ನೂ ಒಬ್ಬರಿಗೇ ಕೊಡಬಹುದಾಗಿದ್ದರಿಂದ ಇದನ್ನು ಅಷ್ಟು ಜನರೆಂದು ಓದಬಾರದು. ಆದರೂ ಮೂರೂವರೆ ಪಟ್ಟಿನ ಅಂತರ ಸಣ್ಣದಲ್ಲ. ಆ ಜನ ಇಬ್ಬರು ಒಳ್ಳೆಯವರ ನಡುವೆ ಯಾವುದನ್ನು ತೂಗಿ ನೋಡಿದರು? ನನ್ನ ಉತ್ತರ ಹೀಗಿದೆ. ಹಕ್ಸ್‌ಲಿಯ ಪಾಂಡಿತ್ಯ ಪತ್ರಿಕೆಗಳ ಮೂಲಕ ಗೊತ್ತಿತ್ತು. ಗ್ಯಾರೆಟ್ ಆ ಜನರ ಮನೆಯ ಮಗು ಯಾಕೆ ಸೊರಗಿದೆ, ಯಾವ ಮನೆಯ ಹುಡುಗಿ ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಟ್ಟಿದ್ದಾಳೆ ಎಂಬುದನ್ನು ಬಲ್ಲವರಾಗಿದ್ದರು. ಶಾಲೆಗೆ ಬಾರದ ಮಗುವನ್ನು ಬಲ್ಲವರನ್ನು ಜನ ಮುಂದಿಟ್ಟರು. ನನ್ನ ಮಟ್ಟಿಗೆ ಶಾಲೆಯ ಚುನಾವಣೆಯಲ್ಲಿ ಮೊದಲು ಇಡಬೇಕಾದ ತೂಕ ಇದೇ. ಹೆಂಗಸರ ಪೈಕಿ ಅದೇ ವರ್ಷ ಗ್ರೀನಿಚ್‌ನಲ್ಲಿ ಎಮಿಲಿ ಡೇವಿಸ್, ಮ್ಯಾಂಚೆಸ್ಟರಿನಲ್ಲಿ ಲಿಡಿಯಾ ಬೆಕರ್ ಗೆದ್ದರು. ಫಿನ್ಸ್‌ಬರಿಯಿಂದ ಬೆಂಜಮಿನ್ ಲೂಕ್ರಾಫ್ಟ್ ಎಂಬ ಮರಗೆಲಸದವರು ಗೆದ್ದು ಇಪ್ಪತ್ತು ವರ್ಷ ಬೋರ್ಡಿನಲ್ಲಿದ್ದರು. ಸದಸ್ಯರಿಗೆ ಸಂಬಳವಿರಲಿಲ್ಲ. ದಿನಗೂಲಿಯವರಿಗೆ ಸಭೆಗೆ ಹೋಗುವುದೆಂದರೆ ಅಂದಿನ ಕೂಲಿ ಬಿಟ್ಟಂತೆ. ಈ ಮಾತನ್ನು ಆಮೇಲೆ ಮತ್ತೆ ಎತ್ತುತ್ತೇನೆ.

ಹಕ್ಸ್‌ಲಿಯನ್ನು ಸೋತವರೆಂದು ಬಿಟ್ಟುಬಿಡುವಂತಿಲ್ಲ, ಅವರೂ ಆರಿಸಿ ಬಂದವರೇ. ಅವರ ಬಗ್ಗೆ ಮತದಾರರಿಗೆ ಒಂದು ಅನುಮಾನವಿತ್ತು: ದೇವರ ಇರವನ್ನು ಬಲ್ಲೆನೆಂದು ಹೇಳಲಾರೆ ಎನ್ನುವ ಮನುಷ್ಯ ಶಾಲೆಯಿಂದ ಬೈಬಲನ್ನು ಹೊರಗೆ ಹಾಕಿಸಿಯಾನು. ಅವರು ಮಾಡಿದ್ದು ಅದಕ್ಕೆ ತದ್ವಿರುದ್ಧ. ಮತಬೋಧೆ ಬೇಡ, ಆದರೆ ಆ ಭಾಷೆಯ ದೊಡ್ಡ ಗ್ರಂಥವಾಗಿ, ನೀತಿಯ ಪಾಠವಾಗಿ ಬೈಬಲನ್ನು ಮಕ್ಕಳು ಓದಲಿ ಎಂದು ಬೋರ್ಡಿನಲ್ಲಿ ಬೆಂಬಲಿಸಿದರು. ಪಾಠಕ್ರಮ ರೂಪಿಸುವ ಸಮಿತಿಯ ಅಧ್ಯಕ್ಷರಾಗಿ 1871ರಲ್ಲಿ ವರದಿ ಕೊಟ್ಟರು. ಓದು, ಬರಹ, ಲೆಕ್ಕದ ಜೊತೆಗೆ ಚಿತ್ರಕಲೆ, ಸಂಗೀತ, ವ್ಯಾಯಾಮ, ವಸ್ತುಗಳನ್ನು ಕೈಯಲ್ಲಿ ಹಿಡಿದು ಕಲಿಯುವ ವಿಜ್ಞಾನ ಇವೆಲ್ಲ ಕೂಲಿಕಾರರ ಮಕ್ಕಳಿಗೂ ಬೇಕು ಎಂದರು. ಬಡವನ ಮಗುವಿಗೆ ಅಕ್ಷರ ಬಂದರೆ ಸಾಕು, ಹಾಡು ಯಾಕೆ, ಬಣ್ಣ ಯಾಕೆ ಎಂದು ಕೇಳುತ್ತಿದ್ದ ಕಾಲ ಅದು. ಈಗಲೂ ಹಾಗೆ ಕೇಳುವವರಿದ್ದಾರೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಆರೋಗ್ಯ ಕೆಟ್ಟು 1872ರಲ್ಲಿ ಅವರು ಬೋರ್ಡು ಬಿಟ್ಟರು. ಎರಡು ವರ್ಷವೂ ತುಂಬದ ಕೆಲಸ, ಫಲ ಹಲವು ತಲೆಮಾರಿನದು. ಹಣೆಪಟ್ಟಿ ನೋಡಿ ಅವರನ್ನು ತಳ್ಳಿದ್ದರೆ ಲಂಡನ್ನಿನ ಮಕ್ಕಳು ಅದನ್ನು ಕಳೆದುಕೊಳ್ಳುತ್ತಿದ್ದರು.

ಹಣೆಪಟ್ಟಿಯೇ ಗೆದ್ದ ಕಾಲವೂ ಬಂತು. 1890ರ ದಶಕದಲ್ಲಿ ಅಥೆಲ್‌ಸ್ಟನ್ ರೈಲಿ ಎಂಬ ಸದಸ್ಯರ ಮುಂದಾಳತ್ವದಲ್ಲಿ ಚರ್ಚಿನ ಪಕ್ಷ ಒಂದು ಸುತ್ತೋಲೆ ಹೊರಡಿಸಿತು: ಬೋರ್ಡು ಶಾಲೆಯ ಶಿಕ್ಷಕರು ಕ್ರಿಸ್ತನ ದೈವತ್ವವನ್ನೂ ತ್ರಿಯೇಕ ದೇವರ ತತ್ತ್ವವನ್ನೂ ಇಂತಿಂಥ ರೀತಿಯಲ್ಲಿ ಕಲಿಸಬೇಕು. ಯಾವ ಒಂದು ಪಂಥದ ಪ್ರಶ್ನೋತ್ತರ ಪಾಠವನ್ನೂ ಬೋರ್ಡು ಶಾಲೆಯಲ್ಲಿ ಕಲಿಸಬಾರದೆಂದು 1870ರ ಕಾಯ್ದೆಯಲ್ಲೇ ಇತ್ತು. ಮೂರು ಸಾವಿರಕ್ಕೂ ಹೆಚ್ಚು ಶಿಕ್ಷಕರು ಧರ್ಮಪಾಠದ ಹೊಣೆಯಿಂದ ನಮ್ಮನ್ನು ಬಿಡಿಸಿ ಎಂದು ಕೇಳಿದರು. 1894ರ ಚುನಾವಣೆ ಬಹುಮಟ್ಟಿಗೆ ಇದರ ಮೇಲೆಯೇ ನಡೆಯಿತು. ಆ ಪಕ್ಷದ ಬಹುಮತ ಕುಗ್ಗಿತು, ಹೋಗಲಿಲ್ಲ. ನನಗೆ ಬೇಸರ ತರುವುದು ಫಲಿತಾಂಶವಲ್ಲ. ಒಂದು ಇಡೀ ಚುನಾವಣೆಯಲ್ಲಿ ಒಂದು ಕೊಠಡಿಯಲ್ಲಿ ಎಷ್ಟು ಮಕ್ಕಳು ಕೂರುತ್ತಾರೆ, ಹಸಿದು ಎಷ್ಟು ಜನ ಬರುತ್ತಾರೆ ಎಂಬುದು ಅಭ್ಯರ್ಥಿಗಳನ್ನು ಅಳೆಯುವ ಮುಖ್ಯ ಪ್ರಶ್ನೆಯಾಗಲಿಲ್ಲ ಎಂಬುದು. ದೊಡ್ಡವರ ಜಗಳ ಶಾಲೆಯ ಅಂಗಳಕ್ಕೆ ಬಂದಾಗ ಮೊದಲು ಮರೆತುಹೋಗುವುದು ಮಗು.

ಈಗ ಆರು ವರ್ಷ ಹಿಂದಕ್ಕೆ, 1888ಕ್ಕೆ ಬನ್ನಿ. ಲಂಡನ್ನಿನ ಪೂರ್ವಭಾಗದ ಟವರ್ ಹ್ಯಾಮ್ಲೆಟ್ಸ್. ಬಂದರಿನ ಕೂಲಿಗಳು, ಬೆಂಕಿಕಡ್ಡಿ ಕಾರ್ಖಾನೆಯ ಹುಡುಗಿಯರು ಬದುಕುವ ಭಾಗ. ಆ ಬೇಸಿಗೆಯಲ್ಲಿ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಹುಡುಗಿಯರ ಮುಷ್ಕರಕ್ಕೆ ಬೆನ್ನೆಲುಬಾಗಿ ನಿಂತಿದ್ದ ಆ್ಯನಿ ಬೆಸೆಂಟ್ ನವೆಂಬರಿನಲ್ಲಿ ಸ್ಕೂಲ್ ಬೋರ್ಡಿಗೆ ನಿಂತರು. ಆಕೆಯ ವಿರುದ್ಧ ಹೇಳಬಹುದಾದ ಎಲ್ಲವನ್ನೂ ಹೇಳಿದರು. ನಾಸ್ತಿಕಳು, ಗಂಡನನ್ನು ಬಿಟ್ಟವಳು, ಸಂತಾನ ನಿಯಂತ್ರಣದ ಪುಸ್ತಕ ಪ್ರಕಟಿಸಿದವಳು. ಒಂದು ವಿಷಯವಂತೂ ಕರುಳು ಹಿಂಡುವಂಥದು: ಹತ್ತು ವರ್ಷದ ಹಿಂದೆ, 1878ರಲ್ಲಿ, ಇಂಥ ಅಭಿಪ್ರಾಯಗಳ ಕಾರಣಕ್ಕೇ ನ್ಯಾಯಾಲಯ ಆಕೆಯ ಸ್ವಂತ ಮಗಳು ಮೇಬಲಳನ್ನು ಆಕೆಯ ಪಾಲನೆಯಿಂದ ಕಿತ್ತುಕೊಂಡಿತ್ತು. ಹೆತ್ತ ಮಗಳನ್ನು ಬೆಳೆಸಲು ಅರ್ಹಳಲ್ಲ ಎಂದು ಕಾನೂನು ಹೇಳಿದ ತಾಯಿ, ಊರ ಮಕ್ಕಳ ಶಾಲೆ ನೋಡಿಕೊಳ್ಳುತ್ತೇನೆ ಎಂದು ಜನರ ಮುಂದೆ ಬಂದರು.

ಜನ ಹದಿನೈದು ಸಾವಿರಕ್ಕೂ ಹೆಚ್ಚು ಮತ ಕೊಟ್ಟು ಆಕೆಯನ್ನು ಆ ಕ್ಷೇತ್ರದಲ್ಲಿ ಎಲ್ಲರಿಗಿಂತ ಮೇಲೆ ಇಟ್ಟರು. ಆಕೆ ಕೇಳಿದ್ದು ಸರಳವಾದ ಸಂಗತಿಗಳನ್ನು: ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ, ಊಟ ಕೊಡಿ, ಶುಲ್ಕ ತೆಗೆದುಹಾಕಿ, ಬೋರ್ಡಿನ ಗುತ್ತಿಗೆ ಹಿಡಿದವರು ಕೆಲಸಗಾರರಿಗೆ ನ್ಯಾಯವಾದ ಕೂಲಿ ಕೊಡಲಿ. ಗೆದ್ದ ಮೇಲೆ ಇವನ್ನು ಮರೆಯಲಿಲ್ಲ. ಗುತ್ತಿಗೆದಾರರ ಕೂಲಿಯ ನಿಯಮವನ್ನು 1889ರಲ್ಲಿ ಬೋರ್ಡು ಒಪ್ಪಿತು. ಶುಲ್ಕದ ಹೊರೆಯನ್ನು 1891ರ ಕಾಯ್ದೆ ಬಹುಪಾಲು ಇಳಿಸಿತು. ಬೋರ್ಡಿನಲ್ಲಿ ಆಕೆಯ ಜೊತೆ ನಿಂತವರಲ್ಲಿ ಮುಖ್ಯರು 1888ರಲ್ಲೇ ಹ್ಯಾಕ್ನಿಯಿಂದ ಗೆದ್ದ ಸ್ಟೀವರ್ಟ್ ಹೆಡ್‌ಲಮ್, ಒಬ್ಬ ಆಂಗ್ಲಿಕನ್ ಪಾದ್ರಿ! ನಾಸ್ತಿಕ ಹೆಂಗಸು ಮತ್ತು ಪಾದ್ರಿ ಒಂದೇ ಬೆಂಚಿನಲ್ಲಿ ಕೂತು ಮಕ್ಕಳ ಊಟಕ್ಕೆ ವಾದಿಸಿದರು. ಮತದಾರ ಪಂಗಡವನ್ನಷ್ಟೇ ತೂಗಿದ್ದರೆ ಇವರಿಬ್ಬರೂ ಎದುರಾಳಿಗಳು. ಕೆಲಸವನ್ನು ತೂಗಿದರೆ ಒಂದೇ ಕಡೆಯವರು.

1902ರ ಬಾಲ್ಫರ್ ಕಾಯ್ದೆ ಸ್ಕೂಲ್ ಬೋರ್ಡುಗಳನ್ನು ರದ್ದು ಮಾಡಿ ಶಾಲೆಗಳನ್ನು ಕೌಂಟಿ ಮತ್ತು ನಗರ ಸಭೆಗಳಿಗೆ ಒಪ್ಪಿಸಿತು. ಲಂಡನ್ ಬೋರ್ಡು 1904ರಲ್ಲಿ ಮುಗಿಯಿತು. ಅಷ್ಟರಲ್ಲಿ ಅದು ನಾನೂರಕ್ಕೂ ಹೆಚ್ಚು ಶಾಲೆ ಕಟ್ಟಿತ್ತು. ಆಡಳಿತ ಒಂದೇ ಕಡೆ ಬಂದದ್ದು ಅನುಕೂಲ ಎನ್ನುವವರಿದ್ದಾರೆ, ಇರಬಹುದು. ಆದರೆ ಹೆಣ್ಣುಮಕ್ಕಳು ಆಗ ಆ ಸಭೆಗಳಿಗೆ ಚುನಾಯಿತರಾಗುವಂತಿರಲಿಲ್ಲ. ಆ ಹಕ್ಕಿಗೆ 1907ರವರೆಗೆ ಕಾಯಬೇಕಾಯಿತು. ಗ್ಯಾರೆಟ್, ಬೆಸೆಂಟರನ್ನು ಆರಿಸಿದ್ದ ಊರಿನಲ್ಲಿ ಕೆಲವು ವರ್ಷ ಹೆಂಗಸರು ನಾಮಕರಣದ ಮೂಲಕವಷ್ಟೇ ಶಿಕ್ಷಣ ಸಮಿತಿಗೆ ಬರಬೇಕಾಯಿತು. ಇದನ್ನು ನಾನು ನಷ್ಟ ಎಂದೇ ಎಣಿಸುತ್ತೇನೆ.

ಬೆಸೆಂಟ್ 1893ರಲ್ಲಿ ಭಾರತಕ್ಕೆ ಬಂದರು. ಮುಂದಿನದು ನಿಮಗೆ ಗೊತ್ತು. 1917ರಲ್ಲಿ ಅವರ ಪ್ರೇರಣೆಯಿಂದ ಬೆಂಗಳೂರಿನ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲು ಶುರುವಾಯಿತು. ಎಚ್. ನರಸಿಂಹಯ್ಯನವರಂಥವರು ಓದಿದ ಶಾಲೆ ಅದು. ಟವರ್ ಹ್ಯಾಮ್ಲೆಟ್ಸಿನ ಮತದಾರರು ಅಂದು ಗುರುತಿಸಿದ ಹೆಣ್ಣುಮಗಳ ಶಿಕ್ಷಣದ ಕಾಳಜಿಯಲ್ಲಿ ಒಂದು ಪಾಲು ಹೀಗೆ ನಮಗೂ ದಕ್ಕಿತು. ಆಕೆ ಹಸಿದ ಮಕ್ಕಳಿಗಾಗಿ ಕೇಳಿದ ಊಟ ನಮ್ಮ ಸರ್ಕಾರಿ ಶಾಲೆಗಳಲ್ಲಿ 2002ರಿಂದ ‘ಅಕ್ಷರ ದಾಸೋಹ’ದ ಹೆಸರಿನಲ್ಲಿ ಬೇಯುತ್ತಿದೆ.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಕರ್ನಾಟಕ ಸರ್ಕಾರ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು, ಅಂದರೆ ನಾವು ನೀವು ಹೇಳುವ ಎಸ್‌ಡಿಎಂಸಿಗಳನ್ನು ರಚಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮು ಇಂಥ ಸಮಿತಿಗಳಿಗೆ ಇಡೀ ದೇಶದಲ್ಲಿ ಕಾನೂನಿನ ಬಲ ಕೊಟ್ಟಿತು: ಮುಕ್ಕಾಲು ಪಾಲು ಸದಸ್ಯರು ತಂದೆತಾಯಿ ಅಥವಾ ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ತಕ್ಕ ಪ್ರಾತಿನಿಧ್ಯವಿರಬೇಕು. ಶಾಲೆ ನಡೆಯುವ ರೀತಿ ನೋಡುವುದು, ಅನುದಾನ ಹೇಗೆ ಖರ್ಚಾಯಿತೆಂದು ಪರಿಶೀಲಿಸುವುದು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು ಇವು ಸಮಿತಿಯ ಕೆಲಸಗಳು. ಲಂಡನ್ ಬೋರ್ಡಿನಂತೆ ತೆರಿಗೆಯಿಂದ ಹಣ ಪಡೆಯುವ ಅಧಿಕಾರ ಇದಕ್ಕಿಲ್ಲ. ಆದರೂ ಒಂದು ಊರಿನ ಒಂದು ಶಾಲೆಯ ಮಟ್ಟಿಗೆ ಇದು ಸಣ್ಣ ಅಧಿಕಾರವಲ್ಲ.

ಆದರೆ ಈ ಸಮಿತಿಗೆ ಜನರನ್ನು ಹೇಗೆ ಆರಿಸುತ್ತೇವೆ? ಅನೇಕ ಊರುಗಳಲ್ಲಿ ನಡೆಯುವುದು ಹೀಗೆ: ಪೋಷಕರ ಸಭೆ ಸೇರುತ್ತದೆ, ಊರಿನ ನಾಲ್ಕು ಜನ ಹಿರಿಯರು ಹೆಸರು ಸೂಚಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ, ಅವಿರೋಧ ಆಯ್ಕೆ ಎಂದು ನಡವಳಿ ಪುಸ್ತಕದಲ್ಲಿ ಬರೆಯುತ್ತಾರೆ. ಊರೊಡೆಯಬಾರದು ಎಂಬ ಕಳಕಳಿ ಅದರ ಹಿಂದಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅಲ್ಲಿ ಯಾರನ್ನೂ ಯಾರೊಡನೆಯೂ ಹೋಲಿಸಿಲ್ಲ. ಸಮಿತಿಯಲ್ಲಿ ಹೆಂಗಸಿನ ಹೆಸರಿದ್ದು ಸಭೆಗೆ ಗಂಡ ಬರುವ ಕಡೆಗಳೂ ಇವೆ. ಶಾಲೆ ಬಿಟ್ಟ ಮಗುವಿನ ಮನೆಯನ್ನು ಬಲ್ಲ ತಾಯಿ ಹಿಂದಿನ ಸಾಲಿನಲ್ಲಿ ನಿಂತಿರುತ್ತಾಳೆ, ಆಕೆಯ ಹೆಸರು ಯಾರ ಬಾಯಿಗೂ ಬರುವುದಿಲ್ಲ.

ಜಗಳವಿಲ್ಲದೆಯೂ ಹೋಲಿಸಬಹುದು. ಸಮಿತಿಗೆ ಬರಲು ಮನಸ್ಸಿರುವ ಪ್ರತಿಯೊಬ್ಬರೂ ಶಾಲೆಯ ಒಂದು ಕೊಠಡಿಯಲ್ಲಿ ಪೋಷಕರ ಮುಂದೆ ಐದು ನಿಮಿಷ ನಿಂತು ಮಾತನಾಡಲಿ. ಹಾಲಿ ಸದಸ್ಯರಾಗಿದ್ದರೆ ಹೋದ ಅವಧಿಯಲ್ಲಿ ಎಷ್ಟು ಸಭೆಗೆ ಬಂದಿದ್ದರು ಎಂದು ಹಾಜರಿ ಪುಸ್ತಕ ತೋರಿಸಲಿ. ಮುಖ್ಯ ಶಿಕ್ಷಕರು ಅನುದಾನದ ಲೆಕ್ಕ ಮುಂದಿಡುವಾಗ ಇವರು ಓದಿ ಪ್ರಶ್ನೆ ಕೇಳುತ್ತಿದ್ದರೋ, ತೋರಿಸಿದ ಕಡೆ ಸಹಿ ಹಾಕುತ್ತಿದ್ದರೋ ಕೇಳಿ. ಓದು ಬರಹ ಬಾರದವರು ಸದಸ್ಯರಾಗಬಾರದು ಎಂದು ನಾನು ಹೇಳುತ್ತಿಲ್ಲ. ‘ಇನ್ನೊಂದು ಸಲ ಓದಿ ಹೇಳಿ’ ಎಂದು ಧೈರ್ಯವಾಗಿ ಕೇಳುವ ತಾಯಿ, ಕೇಳದೆ ಸಹಿ ಹಾಕುವ ಪದವೀಧರನಿಗಿಂತ ಆ ಕುರ್ಚಿಗೆ ಯೋಗ್ಯಳು. ಇನ್ನು, ಕೊನೆಯ ಬೆಂಚಿನ ಮಗುವಿಗೆ ಏನು ಮಾಡುತ್ತೀರಿ ಎಂದು ಕೇಳಿದಾಗ ಶಾಲೆಗೆ ಕಮಾನು ಕಟ್ಟಿಸುತ್ತೇನೆ ಎಂದು ಉತ್ತರ ಬಂದರೆ ನಿಮ್ಮ ಆಯ್ಕೆ ಸುಲಭವಾಯಿತು.

ಸಭೆಯ ಹೊತ್ತು ಬಹಳ ಮುಖ್ಯ. ಲೂಕ್ರಾಫ್ಟರ ಮಾತು ಎತ್ತುತ್ತೇನೆಂದಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಗಾರೆ ಕೆಲಸದವರು, ತೋಟದ ಕೂಲಿಗೆ ಹೋಗುವವರು, ಗಾರ್ಮೆಂಟ್ ಕಾರ್ಖಾನೆಯ ತಾಯಂದಿರು ಬರಲಾರರು. ಸರ್ಕಾರಿ ಶಾಲೆಯಲ್ಲಿ ಬಹುಪಾಲು ಇರುವುದು ಅವರ ಮಕ್ಕಳೇ. ಭಾನುವಾರವೋ ಸಂಜೆಯೋ ಕರೆದರೆ ಅಭ್ಯರ್ಥಿಗಳ ಸಾಲೇ ಬದಲಾಗುತ್ತದೆ, ಆರಿಸುವವರ ಸಾಲೂ ಬದಲಾಗುತ್ತದೆ.

ಇಲ್ಲಿರುವ ಶಿಕ್ಷಕರಿಗೆ ನನ್ನದೊಂದು ಕೋರಿಕೆ: ಎಸ್‌ಡಿಎಂಸಿ ಆಯ್ಕೆಯ ಸಭೆಯ ನೋಟೀಸನ್ನು ಶಾಲೆಯ ಗೋಡೆಗೆ ಅಂಟಿಸಿ ಸುಮ್ಮನಾಗಬೇಡಿ, ಮಕ್ಕಳ ಕೈಯಲ್ಲಿ ಮನೆಗೆ ಕಳಿಸಿ, ಸಭೆಯನ್ನು ದುಡಿಯುವವರಿಗೆ ಬಿಡುವಿರುವ ಹೊತ್ತಿಗೆ ಇಡಿ. ಪೋಷಕರಲ್ಲಿ ಕೋರುವುದು ಇಷ್ಟು: ಆ ಸಭೆಗೆ ಗಂಡ ಹೆಂಡತಿ ಇಬ್ಬರೂ ಹೋಗಿ, ಹೆಸರು ಸೂಚಿಸಿದ ಕೂಡಲೇ ಚಪ್ಪಾಳೆ ತಟ್ಟಬೇಡಿ, ಎದ್ದು ನಿಂತು ಒಂದು ಪ್ರಶ್ನೆಯನ್ನಾದರೂ ಕೇಳಿ.